ವರ್ಷತೊಡಕಿನ ದಿನ ಹೆಂಚು ಹುಡುಕಿದ್ದು

ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಯಾರೂ ತಮ್ಮ ಸಹಜ ಸ್ವಭಾವದಲ್ಲಿ ಇರುವುದಿಲ್ಲ. ಆ ದಿನಕ್ಕೆ ವರ್ಷತೊಡಕು ಎಂದು ಹೆಸರು. ಅವತ್ತು ಏನು ಮಾಡುತ್ತೇವೋ ಅದನ್ನೇ ವರ್ಷವೆಲ್ಲ ಮಾಡುತ್ತೇವೆ ಎಂಬುದು ಬೇಲೂರು, ಅರಸೀಕೆರೆ ಸುತ್ತಿನವರ ನಂಬಿಕೆ. ಹೀಗಾಗಿ ಜಿಪುಣರು ಅವತ್ತು ಕೈ ಬಿಚ್ಚಿ ಮಾಂಸ ತರುತ್ತಾರೆ. ಜಗಳಗಂಟರು ಬಾಯಿ ಹೊಲಿದುಕೊಂಡು ಓಡಾಡುತ್ತಾರೆ. ವರ್ಷವಿಡೀ ಪುಸ್ತಕ ಮುಟ್ಟದ ಮಕ್ಕಳು ಐದು ನಿಮಿಷ ಪುಸ್ತಕ ಬಿಡಿಸಿ, ಕಣ್ಣಿಗೊತ್ತಿಕೊಂಡು, ಅಷ್ಟಕ್ಕೆ ವರ್ಷದ ವಿದ್ಯೆ ಮುಗಿಯಿತೆಂದು ಆಟಕ್ಕೆ ಓಡುತ್ತಾರೆ. ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬರು ಆ ದಿನ ಭಾನುವಾರ ಬಿದ್ದರೂ ಒಂದು ರಜೆ ಅರ್ಜಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ನಮ್ಮಪ್ಪನಂತೂ ಬೆಳಿಗ್ಗೆಯೇ ಮಡಿ ಪಂಚೆ ಉಟ್ಟು ಜಗಲಿಯ ಮೇಲೆ ಸುಮ್ಮನೆ ಕೂತುಬಿಡುತ್ತಿದ್ದರು. ವರ್ಷವೆಲ್ಲ ಹೀಗೆ ಸುಮ್ಮನೆ ಕೂರುವ ಯೋಗ ಬರಲಿ ಎಂಬುದು ಅವರ ಹಂಚಿಕೆ. ಆದರೆ ಮಧ್ಯಾಹ್ನದ ಹೊತ್ತಿಗೆ ನಮ್ಮವ್ವ ಏನಾದರೊಂದು ಕೆಲಸ ಹುಡುಕಿ ಅವರನ್ನು ಎಬ್ಬಿಸುತ್ತಿದ್ದಳು. ಅಪ್ಪ ಒಂದು ವರ್ಷವೂ ಸುಮ್ಮನೆ ಕೂತದ್ದನ್ನು ನಾನು ನೋಡಲಿಲ್ಲ.

ಅಪ್ಪನ ಆಸೆ ನನಗೆ ಬಳುವಳಿಯಾಗಿ ಬಂದಿದೆ. ಅದರ ಜೊತೆಗೆ ಅವರು ಕಟ್ಟಿಸಿದ ಬೇಲೂರಿನ ಹೆಂಚಿನ ಮನೆಯೂ ಬಂದಿದೆ. ನಾನು ಹೇಳಹೊರಟಿರುವುದು ಈ ಎರಡೂ ಒಂದೇ ದಿನ ಸಂಕಟಕ್ಕೆ ಸಿಕ್ಕ ಕಥೆ. ಇದು ತೊಂಬತ್ತರ ದಶಕದ ಕೊನೆಯ ಮಾತು.

ದೇವಸ್ಥಾನದ ಊರಿನಲ್ಲಿ ಹೆಂಚಿನ ಮನೆ ಇಟ್ಟುಕೊಂಡವನು ಮಳೆಗಿಂತ ಹೆಚ್ಚಾಗಿ ಮಂಗಗಳಿಗೆ ಹೆದರಬೇಕು. ಪ್ರವಾಸಿಗರು ಕೊಟ್ಟ ಬಾಳೆಹಣ್ಣು ತಿಂದು ಮೈ ಬೆಳೆಸಿಕೊಂಡ ಬೇಲೂರಿನ ಮಂಗಗಳು ಅರಗಿಸಿಕೊಳ್ಳಲು ಬರುವುದು ನಮ್ಮ ಸೂರಿನ ಮೇಲೆ. ಆ ಬೇಸಿಗೆ ಅವು ಹತ್ತು ಹನ್ನೆರಡು ಹೆಂಚು ಒಡೆದು ಹಾಕಿದವು, ಅದೂ ನಡುಮನೆಯ ಮೇಲೆ, ನಾವು ಊಟಕ್ಕೆ ಕೂರುವ ಜಾಗಕ್ಕೆ ಸರಿಯಾಗಿ. ಹಾಸನದಿಂದ ಹೊಸ ಹೆಂಚು ತರಿಸಿದೆ. ಅವು ಕೂರಲಿಲ್ಲ. ಹೆಂಚಿನ ಗುಣವೇ ಹಾಗೆ. ಒಂದು ಕಾರ್ಖಾನೆಯ ಹೆಂಚಿನ ಅಂಚು ಇನ್ನೊಂದು ಕಾರ್ಖಾನೆಯ ಹೆಂಚಿನ ಅಂಚಿಗೆ ಕಚ್ಚಿಕೊಳ್ಳುವುದಿಲ್ಲ. ಮದುವೆಯಾದ ಹೊಸತರ ದಂಪತಿಗಳ ಹಾಗೆ ಪಕ್ಕಪಕ್ಕದಲ್ಲಿ ಇರುತ್ತವೆ, ನಡುವೆ ಗಾಳಿಯಾಡುತ್ತದೆ. ನಮ್ಮ ಮನೆಗೆ ಬೇಕಾದದ್ದು ಹೊಳೆಕೊಪ್ಪಲಿನ ಹೆಂಚು. ಬೇಲೂರಿನಿಂದ ಎರಡು ಮೈಲಿ, ಯಗಚಿ ಹೊಳೆಯ ದಂಡೆಯ ಮೇಲಿನ ಆ ಹಳ್ಳಿಯಲ್ಲಿ ಒಂದು ಕಾಲದಲ್ಲಿ ಹೆಂಚಿನ ಕಾರ್ಖಾನೆ ಇತ್ತು. ಸುತ್ತಿನವರೆಲ್ಲ ಅದನ್ನು ಕಂಪ್ನಿ ಎನ್ನುತ್ತಿದ್ದರು. ಅಲ್ಲಿಂದಲೇ ಅಪ್ಪ ಎತ್ತಿನ ಗಾಡಿಯಲ್ಲಿ ಹೆಂಚು ಹೇರಿಕೊಂಡು ತಂದದ್ದು. ಕಂಪ್ನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಆದರೂ ಅಲ್ಲಿಯ ಮನೆಗಳಲ್ಲಿ ಹಳೆಯ ಹೆಂಚು ಉಳಿದಿದೆಯೆಂದು ಜನ ಹೇಳುತ್ತಿದ್ದರು.

ನನ್ನ ಹೆಂಡತಿ ಸರೋಜಳಿಗೆ ಈ ಹೆಂಚಿನ ಪುರಾಣ ಕೇಳಿ ಕೇಳಿ ಸಾಕಾಗಿತ್ತು. ಅವಳ ಅಣ್ಣ ಮಂಜಣ್ಣ, ನನ್ನ ಭಾವ, ಅರಸೀಕೆರೆಯಲ್ಲಿ ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರ್. ಕೊಬ್ಬರಿಗೆ ಬೆಲೆ ಬಂದ ವರ್ಷ ಅಲ್ಲಿ ಮಂಡಿಯವರೆಲ್ಲ ತಾರಸಿ ಹಾಕಿಸಿದರು. ಅಷ್ಟೂ ತಾರಸಿ ಭಾವನ ಕೈಯಿಂದಲೇ ಎದ್ದದ್ದೆಂದು ಸರೋಜ ಹೇಳುತ್ತಾಳೆ. ಹೆಂಚು ಕಿತ್ತು ಆರ್‌ಸಿಸಿ ಹಾಕಿಸಿದರೆ ಮಂಗ ಕುಣಿಯಲಿ, ಆನೆ ಕುಣಿಯಲಿ, ಮೇಲೆ ಹಪ್ಪಳ ಸಂಡಿಗೆ ಒಣಗಿಸಬಹುದು ಎಂಬುದು ಅವಳ ವಾದ. ವಾದ ಸರಿಯಾಗಿಯೇ ಇತ್ತು, ಅದೇ ನನಗೆ ಕಷ್ಟ. ನನ್ನ ಕಡೆ ಇದ್ದದ್ದು ಒಂದು ಗಾಜಿನ ಹೆಂಚು ಮಾತ್ರ. ಬೆಳಕಿಗೆಂದು ಅಪ್ಪ ಹಾಕಿಸಿದ ಆ ಗಾಜಿನ ಹೆಂಚಿನಿಂದ ನಡುಮನೆಗೆ ಒಂದು ತುಂಡು ಬಿಸಿಲು ಬೀಳುತ್ತದೆ. ಬೆಳಿಗ್ಗೆ ಗೋಡೆಯ ಮೇಲಿರುತ್ತದೆ, ಮಧ್ಯಾಹ್ನ ನೆಲಕ್ಕಿಳಿದು ನಿಧಾನವಾಗಿ ನನ್ನ ಆರಾಮ ಕುರ್ಚಿಯ ಕಾಲಿನವರೆಗೆ ಬರುತ್ತದೆ. ಅದು ನನ್ನ ಹೆಬ್ಬೆರಳು ಮುಟ್ಟಿದಾಗ ನಾನು ನಿದ್ದೆಯಿಂದ ಏಳುತ್ತೇನೆ. ಅಪ್ಪನೂ ಹಾಗೆಯೇ ಏಳುತ್ತಿದ್ದರು. ಆ ಬಿಸಿಲು ಹೋದರೆ ಮನೆ ನನ್ನದೆನ್ನಿಸುವುದಿಲ್ಲ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು. ಆದರೆ ಇದನ್ನೆಲ್ಲ ಹಪ್ಪಳ ಸಂಡಿಗೆಯ ಎದುರು ವಾದವೆಂದು ಮಂಡಿಸುವುದು ಹೇಗೆ?

ಆ ವರ್ಷತೊಡಕಿನ ಬೆಳಿಗ್ಗೆ ನಾನು ನನ್ನ ಹಂಚಿಕೆಯ ಪ್ರಕಾರ ಆರಾಮ ಕುರ್ಚಿ ಬಿಡಿಸಿ, ಪೇಪರು ಹಿಡಿದು ಕೂತೆ. ಸರೋಜ ಕಾಫಿ ತಂದುಕೊಟ್ಟು ಮುಗುಳ್ನಕ್ಕಳು. ಅವತ್ತು ಜಗಳವಾಡಬಾರದಲ್ಲ, ಹಾಗಾಗಿ ಮುಂದಿನ ಮಾತುಕತೆಯಷ್ಟನ್ನೂ ನಾವಿಬ್ಬರೂ ನಗುನಗುತ್ತಲೇ ನಡೆಸಿದೆವು. ಹೊರಗಿನವರು ನೋಡಿದ್ದರೆ ಅನ್ಯೋನ್ಯ ದಾಂಪತ್ಯವೆಂದು ದೃಷ್ಟಿ ತೆಗೆಯುತ್ತಿದ್ದರು.

“ಅಣ್ಣ ಸಂಜೆ ಊಟಕ್ಕೆ ಬರ್ತಾನೆ. ಅಳತೆ ಟೇಪೂ ತರ್ತಾನೆ,” ಎಂದಳು. “ಅಷ್ಟರೊಳಗೆ ನೀವು ಹೊಳೆಕೊಪ್ಪಲಿಂದ ಹೆಂಚು ತಂದ್ರೆ ಹೆಂಚಿನ ಮನೆ ಇರಲಿ, ನಾನಿನ್ನು ಮಾತಾಡಲ್ಲ. ತರ್ಲಿಲ್ಲ ಅಂದ್ರೆ ತಾರಸಿ, ನೀವು ಮಾತಾಡಬಾರದು.”

ನಾನೂ ನಗುತ್ತಲೇ ಒಪ್ಪಿದೆ. ಮೊಪೆಡ್ಡಿನ ಕೀಲಿ ಕೇಳಿದರೆ ಅದು ಅವಳ ಸೆರಗಿನ ತುದಿಯಲ್ಲಿತ್ತು. ನನ್ನ ರಕ್ತದಲ್ಲಿ ಸಕ್ಕರೆ ಸೇರಿದೆಯೆಂದು ಡಾಕ್ಟರು ದಿನಾ ನಡೆಯಲು ಹೇಳಿದ್ದರು. ಇವತ್ತು ನಡೆದರೆ ವರ್ಷವೆಲ್ಲ ನಡೆಯುತ್ತೀರಿ ಎಂದಳು. ಹೆಂಚನ್ನು ತಲೆಯ ಮೇಲೆ ಹೊತ್ತು ತರಲೇ ಎಂದರೆ, ಸಂಜೆ ಹಾಲಿನ ವ್ಯಾನ್ ಬರುತ್ತದೆ, ಅದಕ್ಕೆ ಹಾಕಿಸಿ ಎಂದು ಅದಕ್ಕೂ ಉತ್ತರ ಇಟ್ಟುಕೊಂಡಿದ್ದಳು. ಕುರ್ಚಿ ಮಡಿಸಿ ಹೊರಟೆ. ಅಪ್ಪನ ನೆನಪಾಯಿತು.

ಹೊರಡುವಾಗ ಇದ್ದ ಬೇಸರ ಊರು ದಾಟುವಷ್ಟರಲ್ಲಿ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹೊಳೆಯ ದಾರಿಯಲ್ಲಿ ಹೊಂಗೆ ಮರಗಳೆಲ್ಲ ಹೊಸ ಎಲೆ ಹೊತ್ತು, ಎಣ್ಣೆ ಹಚ್ಚಿಸಿಕೊಂಡ ಮಕ್ಕಳ ಹಾಗೆ ಹೊಳೆಯುತ್ತಿದ್ದವು. ಬಿಕ್ಕೋಡಿನ ಕಡೆ ಹಿಂದಿನ ವಾರ ಮಳೆ ಹನಿದಿತ್ತು. ತೋಟಗಳಲ್ಲಿ ಕಾಫಿ ಹೂವಾಗಿ, ಗಾಳಿ ಆ ಕಡೆಯಿಂದ ಬೀಸಿದಾಗಲೆಲ್ಲ ಅದರ ವಾಸನೆ ಬರುತ್ತಿತ್ತು. ಯಗಚಿಯ ನೀರು ಇಳಿದು, ಬಂಡೆಗಳು ಬೆನ್ನು ತೋರಿಸಿಕೊಂಡು ಮಲಗಿದ್ದವು. ಒಬ್ಬನೇ ನಡೆದು ಎಷ್ಟು ವರ್ಷವಾಗಿತ್ತೋ ಏನೋ. ಕೋಗಿಲೆ ಕೂಗಿದರೆ ನಾನೂ ಒಮ್ಮೆ ಕೂಗಿ ನೋಡಿದೆ. ಅದು ಸುಮ್ಮನಾಯಿತು.

ಹೊಳೆಕೊಪ್ಪಲಿಗೆ ಹೋಗುವವರು ಮೊದಲು ಕಂಪ್ನಿಯ ಗೇಟು ದಾಟಬೇಕು. ಗೇಟು ಎಂದರೆ ಎರಡು ಕಂಬ ಅಷ್ಟೆ. ಕಬ್ಬಿಣದ ಬಾಗಿಲು ಯಾವತ್ತೋ ಹೋಗಿದೆ, ಕಾಂಪೌಂಡು ಗೋಡೆ ಬಿದ್ದು ಮಣ್ಣಾಗಿದೆ. ಎಲ್ಲಿಂದ ಬೇಕಾದರೂ ಒಳಕ್ಕೆ ಹೋಗಬಹುದು. ಆದರೂ ಆ ಊರಿನವರು, ಅವರ ದನಕರುಗಳು ಕೂಡ, ಆ ಎರಡು ಕಂಬಗಳ ನಡುವೆಯೇ ಹೋಗುತ್ತಾರೆ. ನಾನು ಗೋಡೆ ಇದ್ದ ಜಾಗದಲ್ಲಿ ಅಡ್ಡ ಹಾಯ್ದೆ. ಕಂಬದ ಬುಡದಲ್ಲಿ ಕೂತಿದ್ದ ಮುದುಕರೊಬ್ಬರು ಕೈಯಾಡಿಸಿ ಕರೆದು, ಹಿಂದಕ್ಕೆ ಹೋಗಿ ಗೇಟಿನಿಂದ ಬನ್ನಿ ಎಂದರು. ಅವರು ಕಂಪ್ನಿಯ ಕಾವಲುಗಾರರಾಗಿದ್ದ ಗೇಟಿನ ಪುಟ್ಟಸ್ವಾಮಿ. ನಾನು ಹಿಂದಕ್ಕೆ ಹೋಗಿ ಗೇಟಿನಿಂದಲೇ ಬಂದೆ. ಯಾರನ್ನು ನೋಡಬೇಕೆಂದು ವಿಚಾರಿಸಿದರು. ಹೆಂಚಿನ ವಿಷಯ ಹೇಳಿದೆ. ಹೆಂಚಿಗೇನು ಬರ, ಊರ ತುಂಬ ಅದೇ, ಭಟ್ಟಿ ರಂಗಣ್ಣನ ಮನೆಗೆ ಹೋಗಿ ಎಂದು ಕಳಿಸಿದರು. ಆ ಊರಿನಲ್ಲಿ ಜನರನ್ನು ಕಂಪ್ನಿಯಲ್ಲಿ ಮಾಡುತ್ತಿದ್ದ ಕೆಲಸದಿಂದಲೇ ಕರೆಯುತ್ತಾರೆ. ಭಟ್ಟಿಗೆ ಬೆಂಕಿ ಹಾಕುತ್ತಿದ್ದವರು ಭಟ್ಟಿಯವರು, ಮಣ್ಣು ತುಳಿಸುತ್ತಿದ್ದವರು ಮಣ್ಣಿನವರು. ಕಂಪ್ನಿ ಹೋದರೂ ಹುದ್ದೆ ಹೋಗಿಲ್ಲ.

ಭಟ್ಟಿ ರಂಗಣ್ಣನ ಕೊಟ್ಟಿಗೆಯ ಮೂಲೆಯಲ್ಲಿ ನಮ್ಮ ಮನೆಯದೇ ಅಚ್ಚಿನ ಹೆಂಚುಗಳನ್ನು ಎದೆಯೆತ್ತರ ಜೋಡಿಸಿಟ್ಟದ್ದು ಬಾಗಿಲಿನಿಂದಲೇ ಕಂಡಿತು. ನನ್ನ ಎದೆ ಹಗುರಾಯಿತು. ಹತ್ತು ಹೆಂಚು ಬೇಕಿತ್ತು ಎಂದೆ. “ಐತೆ ಸ್ವಾಮಿ, ಕೂತ್ಕಳಿ,” ಎಂದರು ರಂಗಣ್ಣ. ಕೂತೆ. ಕಾಫಿ ಬಂತು, ಸಕ್ಕರೆ ಧಾರಾಳವಾಗಿ. ನಿನ್ನೆಯ ಒಬ್ಬಟ್ಟು ಬಂತು. ಭಟ್ಟಿಯ ಕಥೆ ಬಂತು. ಬೆಂಕಿ ಹೊತ್ತಿಸಿದ ಮೇಲೆ ಅದು ಆರದ ಹಾಗೆ ಹಗಲೂ ರಾತ್ರಿ ಸರದಿಯ ಮೇಲೆ ಕಾಯಬೇಕಿತ್ತಂತೆ, ಮದುವೆಯಾದ ಮೂರನೆಯ ದಿನವೇ ತನ್ನ ಸರದಿ ಬಂದು ಹೆಂಡತಿ ತೌರಿಗೆ ಹೊರಟುಹೋಗಿದ್ದಳಂತೆ. ಹೆಂಡತಿ ಒಳಗಿನಿಂದಲೇ, ಭಟ್ಟಿ ಆರಿದ ಮೇಲೆ ವಾಪಸ್ಸು ಬಂದದ್ದನ್ನೂ ಹೇಳಿ ಎಂದು ನೆನಪಿಸಿದರು. ನಾನು ಸಮಯ ನೋಡಿ ಮತ್ತೆ ಹೆಂಚಿನ ಮಾತೆತ್ತಿದೆ. ಕೊಡುವುದಿಲ್ಲ ಎಂದು ರಂಗಣ್ಣ ಹೇಳಲಿಲ್ಲ. ಇದೆ, ಕೊಡೋಣ, ಅದಕ್ಕೇನಂತೆ, ಇನ್ನೊಂದು ಲೋಟ ಕಾಫಿ ಕುಡಿಯಿರಿ ಎಂದರು. ಕುಡಿದೆ. ಕೊನೆಗೆ ಎದ್ದು ನಿಂತಾಗ ಬಾಗಿಲವರೆಗೆ ಬಂದು ನಾಳೆ ಬನ್ನಿ ಎಂದರು. ಇಷ್ಟು ವರ್ಷ ಇದೇ ಮಾತನ್ನು ಆಫೀಸಿನ ಮೇಜಿನ ಹಿಂದೆ ಕೂತು ಆಡಿ ಸಂಬಳ ಎಣಿಸಿದವನಿಗೆ, ಎದುರಿಗೆ ನಿಂತು ಕೇಳಿಸಿಕೊಳ್ಳುವಾಗ ಅದು ಬೇರೆಯೇ ಮಾತಿನ ಹಾಗೆ ಕೇಳಿಸಿತು.

ಪಕ್ಕದ ಮನೆಯಲ್ಲೂ ಹೀಗೆಯೇ ಆಯಿತು, ಅದರ ಪಕ್ಕದಲ್ಲೂ. ಎಲ್ಲೆಡೆ ಹೆಂಚಿತ್ತು, ಎಲ್ಲೆಡೆ ಕಾಫಿ ಇತ್ತು, ಎಲ್ಲರೂ ಕೊಡೋಣ ಎಂದರು, ಯಾರೂ ಕೊಡಲಿಲ್ಲ. ಹೊಂಗೆಯ ನೆರಳಲ್ಲಿ ಗಂಡಸರು ಇಸ್ಪೀಟು ಆಡುತ್ತಿದ್ದರು. ವರ್ಷವೆಲ್ಲ ಗೆಲ್ಲಬೇಕೆಂದು ಎಲ್ಲರೂ ಕೂತಿದ್ದರಿಂದ ಅಲ್ಲಿ ಸೋಲಲು ಒಬ್ಬ ಬೇಕಾಗಿತ್ತು. ನನ್ನನ್ನು ಬಹಳ ಪ್ರೀತಿಯಿಂದ ಕರೆದರು. ತಪ್ಪಿಸಿಕೊಂಡೆ.

ಕಡೆಗೆ ಹೊಳೆಯ ಅಂಚಿನ ಮನೆಯ ಸಣ್ಣಮ್ಮ ನನಗೆ ವಿಷಯ ಬಿಡಿಸಿ ಹೇಳಿದರು. ಹಸಿ ಹೆಂಚನ್ನು ಹಲಗೆಯ ಮೇಲಿಟ್ಟು ತಲೆ ಮೇಲೆ ಹೊತ್ತು ಒಣಗಲು ಸಾಗಿಸುತ್ತಿದ್ದ ಹೆಂಗಸು ಅವರು. ಎಪ್ಪತ್ತು ದಾಟಿದ್ದರೂ ಕತ್ತು ನೆಟ್ಟಗೆ ಇಟ್ಟುಕೊಂಡು, ತಲೆಯ ಮೇಲೆ ಇನ್ನೂ ಹಲಗೆ ಇರುವ ಹಾಗೆ ನಡೆಯುತ್ತಿದ್ದರು. ಅವರ ಕೋಳಿಗೂಡಿನ ಸುತ್ತ ಒರಗಿಸಿದ್ದ ಹೆಂಚುಗಳೇ ನನಗೆ ಸಾಕಾಗುವಷ್ಟಿದ್ದವು. ಯಾಕವ್ವಾ, ಊರೆಲ್ಲ ಇದೆ ಎನ್ನುತ್ತಾರೆ, ಯಾರೂ ಎತ್ತಿಕೊಡುವುದಿಲ್ಲ ಎಂದು ಕೇಳಿದೆ.

“ಇವತ್ತು ಯಾವತ್ತು ಅಂತ ಬಂದ್ಯಪ್ಪ ನೀನು,” ಎಂದರು ಸಣ್ಣಮ್ಮ. “ಇವತ್ತು ಮನೆಯಿಂದ ಹೆಂಚು ಆಚೆಗೆ ಹೋದ್ರೆ ವರ್ಸೆಲ್ಲ ಹೋಯ್ತಾನೇ ಇರ್ತದೆ. ಕಂಪ್ನಿ ಹಾಳಾಗಿದ್ದೇ ಹಂಗೆ. ಧಣಿ ಪರಸ್ಥಳದೋನು, ಹೇಳುದ್ರೆ ಕೇಳ್ನಿಲ್ಲ. ವರ್ಸದೊಡ್ಕಿನ ದಿನ ಭಟ್ಟಿ ಬಾಗ್ಲು ಒಡ್ಸಿ ಲಾರಿಗೆ ತುಂಬ್ಸುದ. ನಾನೇ ಹೊತ್ತು ಹಾಕಿವ್ನಿ, ಅಳ್ತಾ ಅಳ್ತಾ. ಆವತ್ತಿಂದ ಹೆಂಚು ಹೋಗಿದ್ದು ಹೋಗಿದ್ದೇ, ತಿರ್ಗ ಒಂದು ಭಟ್ಟಿ ಹತ್ನಿಲ್ಲ.”

ಹಾಗಾದರೆ ಇಲ್ಲ ಎಂದುಬಿಡಬಹುದಿತ್ತಲ್ಲ ಎಂದೆ. “ಇವತ್ತು ಇಲ್ಲ ಅಂದ್ರೆ ವರ್ಸೆಲ್ಲ ಇಲ್ಲ ಇಲ್ಲ ಅಂತಲೇ ಇರ್ಬೇಕಲ್ಲಪ್ಪ,” ಎಂದು ನನ್ನನ್ನು ಸ್ವಲ್ಪ ಕನಿಕರದಿಂದ ನೋಡಿದರು.

ಕಂಪ್ನಿ ಮುಚ್ಚಿದ್ದು ಹೊಳೆಯಂಚಿನ ಜೇಡಿಮಣ್ಣು ಮುಗಿದು, ಊರೂರಿಗೆ ಸಿಮೆಂಟು ಬಂದದ್ದರಿಂದ ಎಂಬುದು ನನಗೆ ಗೊತ್ತಿತ್ತು. ಹೇಳೋಣವೆನ್ನಿಸಿತು. ಆದರೆ ಇವತ್ತು ಒಬ್ಬರನ್ನು ತಿದ್ದಿದರೆ ವರ್ಷವೆಲ್ಲ ಊರವರನ್ನು ತಿದ್ದುತ್ತ ಇರಬೇಕಾಗುತ್ತದೆಂದು ಸುಮ್ಮನಾದೆ. ಅದಲ್ಲದೆ, ಅಳುತ್ತ ಹೆಂಚು ಹೊತ್ತವರ ಎದುರು ಮಣ್ಣಿನ ಲೆಕ್ಕ ಹೇಳುವ ಮನಸ್ಸಾಗಲಿಲ್ಲ. ಅವರು ಕೊಟ್ಟ ಕಾಫಿಯನ್ನೂ ಕುಡಿದೆ.

ಬರಿಗೈಯಲ್ಲಿ ಮನೆಗೆ ಹೋಗಲು ಧೈರ್ಯವಿಲ್ಲದೆ ಕಂಪ್ನಿಯ ಪಾಳು ಆವರಣದೊಳಗೆ ಅಡ್ಡಾಡಿದೆ. ಮಣ್ಣು ತೆಗೆದ ಗುಂಡಿಗಳಲ್ಲಿ ನೀರು ನಿಂತು ತಾವರೆ ಎಲೆ ಹಬ್ಬಿತ್ತು. ಚಿಮಣಿಯ ತುದಿಯಲ್ಲಿ ಒಂದು ಅರಳಿ ಗಿಡ ಹುಟ್ಟಿ, ಹೊಗೆ ಬರಬೇಕಾದ ಕಡೆಯಿಂದ ಎಳೆಗೆಂಪು ಚಿಗುರು ಬಂದಿತ್ತು. ಭಟ್ಟಿಯೊಳಗೆ ಮೇಕೆಗಳು ತಂಪಿಗೆ ಮಲಗಿದ್ದವು. ಅಲ್ಲಿಯೇ ಬಾಗಿಲಲ್ಲಿ ಒರಗಿ ನಾನೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದೆ. ಮನೆ ಕೈತಪ್ಪುತ್ತಿರುವ ದಿನ ಮನುಷ್ಯನಿಗೆ ಇಷ್ಟು ನೆಮ್ಮದಿಯಾಗಬಾರದು. ಆದರೆ ಆಯಿತು, ಏನು ಮಾಡಲಿ? ಕಣ್ಣು ಬಿಟ್ಟಾಗ ಪಕ್ಕದ ಹುಲ್ಲಿನಲ್ಲಿ, ಒಡೆದ ಚೂರುಗಳ ನಡುವೆ, ಒಂದು ಹೆಂಚು ಇಡಿಯಾಗಿ ಕಂಡಿತು. ಎತ್ತಿಕೊಂಡೆ. ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ಆಮೇಲೆ, ಇವತ್ತು ಕದ್ದರೆ ವರ್ಷವೆಲ್ಲ ಕದಿಯಬೇಕಾಗುತ್ತದೆ, ಸರ್ಕಾರಿ ನೌಕರನಿಗೆ ಅದು ಒಳ್ಳೆಯದಲ್ಲ ಎಂದು ಇದ್ದಲ್ಲಿಯೇ ಇಟ್ಟೆ. ಹೊರಡುವಾಗ ಗೇಟಿನಿಂದಲೇ ಹೊರಟೆ. ಪುಟ್ಟಸ್ವಾಮಿ ನನ್ನ ಖಾಲಿ ಕೈ ನೋಡಿ ತೃಪ್ತಿಯಿಂದ ತಲೆಯಾಡಿಸಿದರು.

ಮನೆ ಸೇರುವ ಹೊತ್ತಿಗೆ ಪಡುವಣ ಕಡೆ ಮೋಡ ಕಟ್ಟಿತ್ತು. ಭಾವ ಆಗಲೇ ಬಂದು ನನ್ನ ಆರಾಮ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ, ಸ್ಟೂಲಿನ ಮೇಲೆ, ಹಳದಿ ಬಣ್ಣದ ಟೇಪು. ಸರೋಜ ನನ್ನ ಕೈ ನೋಡಿದಳು, ನಕ್ಕಳು. ನಾನೂ ನಕ್ಕೆ. ಮಾತಾಡಬಾರದೆಂಬ ಒಪ್ಪಂದವಾಗಿತ್ತಲ್ಲ. ಗಾಜಿನ ಹೆಂಚಿನ ಬಿಸಿಲು ಗೋಡೆಯ ಮೂಲೆಗೆ ಹೋಗಿ, ನೋಡುತ್ತಿದ್ದಂತೆಯೇ ಮೋಡಕ್ಕೆ ಸಿಕ್ಕಿ ಮಾಯವಾಯಿತು. ನಾನು ಕೈಕಾಲು ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದೆ. ಅಲ್ಲಿಗೂ ಸರೋಜಳ ದನಿ ಕೇಳಿಸಿತು. ಊಟಕ್ಕೆ ಮುಂಚೆ ಒಂದು ಸಲ ಅಳತೆ ತೆಗೆದುಬಿಡು ಎಂದು ಅಣ್ಣನಿಗೆ ಹೇಳುತ್ತಿದ್ದಳು.

“ಇವತ್ತೇನಮ್ಮಾ?” ಎಂದರು ಭಾವ. ಅವರ ದನಿಯಲ್ಲಿ ಗಾಬರಿ ಇತ್ತು. “ವರ್ಷತೊಡಕಿನ ದಿನ ತಂಗಿ ಮನೇಲಿ ಟೇಪ್ ಹಿಡಿದ್ರೆ, ವರ್ಷ ಪೂರ್ತಿ ನಾನು ಇಲ್ಲೇ ಹಿಡ್ಕೊಂಡಿರ್ಬೇಕಾಗ್ತದೆ. ಅರಸೀಕೆರೆ ಕೆಲಸ ಯಾರು ನೋಡ್ತಾರೆ? ನಾಳೆ ನೋಡಣ ಬಿಡು.”

ನಾಳೆ ಎಂಬುದು ಎಂಥ ಇಂಪಾದ ಪದವೆಂದು ನನಗೆ ಆವತ್ತೇ ತಿಳಿದದ್ದು. ಮುಖ ಒರೆಸಿಕೊಂಡು ಒಳಗೆ ಬಂದು, ಭಾವನ ಪಕ್ಕದಲ್ಲಿಯೇ ಊಟಕ್ಕೆ ಕೂತೆ. ಸರೋಜ ಬಿಸಿ ಮುದ್ದೆ ಇಟ್ಟು, ಮಾಂಸದ ಸಾರು ಬಿಟ್ಟಳು. ಭಾವ ಮೊದಲ ತುತ್ತು ಮುರಿಯುವಾಗ ಮಳೆ ಬಂತು. ಎರಡನೆಯ ತುತ್ತಿಗೆ, ಮಂಗ ಒಡೆದ ಹೆಂಚಿನ ಸಂದಿಯಿಂದ ಒಂದು ಹನಿ ಅವರ ಸಾರಿನ ನಡುಮಧ್ಯಕ್ಕೆ ಬಿತ್ತು. ಮತ್ತೊಂದು ಅವರ ಬೋಳುತಲೆಯ ಮೇಲೆ ಬಿತ್ತು. ಸರೋಜ ಅಡುಗೆಮನೆಯಿಂದ ಅಗಲವಾದ ಬೋಸಿಯೊಂದನ್ನು ತಂದು ನನ್ನ ಕೈಗೆ ಕೊಟ್ಟಳು. ಮುಖದಲ್ಲಿ ನಗುವಿತ್ತು. ನಾನು ಎಂಜಲು ಕೈ ತೊಳೆದು, ಎದ್ದು, ಭಾವನ ತಟ್ಟೆ ಸರಿಸಿ, ಬೋಸಿ ಹಿಡಿದು ನಿಂತೆ. ತುಂಬಿದಾಗ ಹಿತ್ತಲಿಗೆ ಚೆಲ್ಲಿ ಬಂದೆ. ತಾರಸಿ ತಪ್ಪಿದ ಸಂತೋಷದಲ್ಲಿ ನಾನೇನು ಮಾಡುತ್ತಿದ್ದೇನೆಂದು ನನಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ಭಾವ ಮೊದಲ ಬಸ್ಸಿಗೆ ಅರಸೀಕೆರೆಗೆ ಹೋದರು. ಯಾರದೋ ಮಂಡಿಯ ತಾರಸಿಗೆ ಅವತ್ತೇ ಸಿಮೆಂಟು ಸುರಿಯಬೇಕಿತ್ತಂತೆ. ಅಲ್ಲಿಂದಾಚೆಗೆ ಬಂದಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ನಾಳೆ ನೋಡಣ ಎನ್ನುತ್ತಿದ್ದರು. ನಾನು ಪ್ರತಿ ಭಾನುವಾರ ಹೊಳೆಕೊಪ್ಪಲಿಗೆ ನಡೆದೆ. ಗೇಟಿನಿಂದಲೇ ಹೋದೆ. ರಂಗಣ್ಣನ ಕೊಟ್ಟಿಗೆಯಲ್ಲಿ ಒಮ್ಮೆ ಎಮ್ಮೆ ಈದಿರುತ್ತಿತ್ತು, ಇನ್ನೊಮ್ಮೆ ಹೆಂಚಿನ ಸಂದಿಯಲ್ಲಿ ಹಾವು ಕಂಡಿರುತ್ತಿತ್ತು. ಸಣ್ಣಮ್ಮನ ಕೋಳಿ ಕಾವಿಗೆ ಕೂತಿರುತ್ತಿತ್ತು. ನಾಳಿಕ್ ಬಾ ಎನ್ನುತ್ತಿದ್ದರು. ಕೆಲವು ವಾರದ ಮೇಲೆ ನಾನು ಕೇಳುವುದನ್ನು ಬಿಟ್ಟೆ, ಹೋಗುವುದನ್ನು ಬಿಡಲಿಲ್ಲ. ನಡೆದು ಇಳಿಸಿದ ಸಕ್ಕರೆಯನ್ನು ಅವರ ಕಾಫಿ ಹಾಗೆಯೇ ವಾಪಸ್ಸು ಕೊಡುತ್ತಿತ್ತು. ಡಾಕ್ಟರು ಯಾವ ಏರುಪೇರೂ ಇಲ್ಲ ಎಂದು ಮೆಚ್ಚಿಕೊಂಡರು. ಬಿಸಿಲಿನ ತುಂಡು ಎಂದಿನಂತೆ ಬಂದು ಹೆಬ್ಬೆರಳು ಮುಟ್ಟುತ್ತಿತ್ತು. ನಾನು ಸುಖವಾಗಿದ್ದೆ, ಒಂದನ್ನು ಬಿಟ್ಟು. ಮುಂಗಾರು ಹಿಡಿದಂದಿನಿಂದ ಹಿಂಗಾರು ಮುಗಿಯುವವರೆಗೆ, ಮಳೆ ಬಂದಾಗಲೆಲ್ಲ ಸೋರುವ ಕಡೆ ಬೋಸಿ ಇಡುವವನು, ಬಗ್ಗಿ ನೋಡುವವನು, ಎತ್ತಿ ಚೆಲ್ಲುವವನು ನಾನೇ ಆದೆ. ಇದು ನಿನ್ನ ಕೆಲಸವೆಂದು ಯಾರೂ ಹೇಳಲಿಲ್ಲ. ಎರಡು ಹನಿ ಬಿದ್ದರೆ ಸರೋಜ ಸೂರನ್ನೂ ನೋಡುತ್ತಿರಲಿಲ್ಲ, ಬೋಸಿಯನ್ನೂ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಮರುವರ್ಷದ ವರ್ಷತೊಡಕಿಗೆ ನಾನು ಎಚ್ಚರವಾಗಿದ್ದೆ. ಏನೇ ಆಗಲಿ ಆ ದಿನ ಬೋಸಿ ಮುಟ್ಟಬಾರದೆಂದು ತೀರ್ಮಾನ ಮಾಡಿ, ಬೆಳಿಗ್ಗೆಯೇ ಆರಾಮ ಕುರ್ಚಿ ಬಿಡಿಸಿ ಕೂತೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಸರೋಜಳೂ ನನ್ನನ್ನು ಎಬ್ಬಿಸಲಿಲ್ಲ. ಕಾಫಿ ಕುಡಿದೆ, ಪೇಪರು ಓದಿದೆ, ಬಿಸಿಲು ಬಂದು ಕಾಲು ಮುಟ್ಟಿತು. ಅಪ್ಪನಿಗೆ ದಕ್ಕದ್ದು ನನಗೆ ದಕ್ಕಿತಲ್ಲ ಎಂದು ಕಣ್ಣು ತುಂಬಿ ಬಂತು. ಸಂಜೆ ಅಡುಗೆಮನೆಯಿಂದ ಅವಳು ಕರೆದಳು.

“ರೀ, ಅಲ್ಲೇ ಅಟ್ಟದ ಮೇಲೈತಲ್ಲ ಆ ಬೋಸಿ, ಒಂಚೂರು ತಂದ್ಕೊಡಿ. ಸಾರು ಬಗ್ಗಿಸ್ಬೇಕು.”

ನಾನು ಎದ್ದೆ, ಅಟ್ಟಕ್ಕೆ ಕೈ ಚಾಚಿದೆ, ಬೋಸಿ ಇಳಿಸಿಕೊಂಡು, ಧೂಳು ಒರೆಸಿ, ಅಡುಗೆಮನೆಯ ಬಾಗಿಲವರೆಗೆ ಎರಡೂ ಕೈಯಲ್ಲಿ ಹಿಡಿದು ನಡೆದೆ. ಅವಳು ಒಲೆಯ ಮುಂದೆ ಸೌಟು ಹಿಡಿದು ಕಾಯುತ್ತಿದ್ದಳು. ಕೊಟ್ಟೆ. ತೆಗೆದುಕೊಂಡು ನಕ್ಕಳು. ಆ ನಗೆ ನೋಡಿದ ಮೇಲೆ ನನಗೆ ಗೊತ್ತಾಯಿತು. ಏನು ಮಾಡುವುದು, ಮುಖ ಗಂಟಿಕ್ಕಿಕೊಳ್ಳುವ ದಿನವೇ ಅಲ್ಲ ಅದು. ನಾನೂ ನಕ್ಕೆ.